ಪ್ರಕರಣ: ಬಿಜೈಯ ಪಿನ್‌ಬಾಲ್ ಮೆಷಿನ್, ಸೋರಿದ ಬ್ಯಾಟರಿ, 5101 ಚಿಪ್‌ನ ಬದಲಿ

ಮೆಷಿನ್ 1981ರದ್ದು. ಬ್ಯಾಲಿ ಕಂಪನಿಯ ಎಯ್ಟ್ ಬಾಲ್ ಡಿಲಕ್ಸ್ ಎಂಬ ಪಿನ್‌ಬಾಲ್, ಅಂದರೆ ಓರೆ ಮೇಜಿನ ಮೇಲೆ ಉಕ್ಕಿನ ಗುಂಡನ್ನು ಹೊಡೆದು ಅಂಕ ಗಳಿಸುವ ಆಟದ ಮೆಷಿನ್. ಈಗ ಇರುವುದು ಮಂಗಳೂರಿನ ಬಿಜೈಯಲ್ಲಿ, ಒಂದು ಹಳೆ ಮನೆಯ ಮಹಡಿಯ ಮೇಲೆ. ಯಜಮಾನರಿಗೆ ಮುಂಬೈಯಲ್ಲಿ ಹೋಟೆಲ್. ಅಲ್ಲಿ ಯಾರೋ ಮಾರುತ್ತಿದ್ದರು, ಇವರು ತಗೊಂಡು ಲಾರಿಗೆ ಹಾಕಿ ಊರಿಗೆ ಕಳಿಸಿದರು. ದಸರಾಕ್ಕೆ ಮತ್ತು ಬೇಸಿಗೆ ರಜೆಗೆ ಮನೆ ತುಂಬ ಜನ. ಉಳಿದ ತಿಂಗಳು ಬೀಗ. ಮಳೆಗಾಲ ಪೂರ್ತಿ ಕಿಟಕಿ ಕೂಡ ತೆಗೆಯುವವರಿಲ್ಲ. ಈ ಬೀಗದ ವಿಷಯ ನೆನಪಿಟ್ಟುಕೊಳ್ಳಿ, ಯಾವ ಮೆಮೊರಿ ಹಾಕಬೇಕು ಅಂತ ತೀರ್ಮಾನ ಆದದ್ದೇ ಅದರಿಂದ.

ದೂರು ಇಷ್ಟೇ: ಸ್ವಿಚ್ ಹಾಕಿದರೆ ಬಣ್ಣದ ದೀಪಗಳು ಉರಿಯುತ್ತವೆ, ಸ್ಕೋರ್ ಬರುವುದಿಲ್ಲ, ಆಟ ಶುರುವಾಗುವುದಿಲ್ಲ. ದೀಪ ಉರಿಯಿತು ಅಂದ ಮಾತ್ರಕ್ಕೆ ಬೋರ್ಡ್ ಸರಿ ಉಂಟು ಅಂತಲ್ಲ. ಆಟದ ಮೈದಾನಕ್ಕೆ ಬೆಳಕು ಕೊಡುವ ಸಾಮಾನ್ಯ ಬಲ್ಬುಗಳಿಗೆ ಟ್ರಾನ್ಸ್‌ಫಾರ್ಮರ್‌ನಿಂದಲೇ ಕರೆಂಟ್ ಹೋಗುತ್ತದೆ, ಮಿದುಳು ಸತ್ತಿದ್ದರೂ ಅವು ಉರಿಯುತ್ತವೆ.

ಹಿಂದಿನ ಪೆಟ್ಟಿಗೆಯ ಬಾಗಿಲು ತೆಗೆದು ಮುಖ್ಯ ಬೋರ್ಡ್ ನೋಡಿದ ಕೂಡಲೇ ವಿಷಯ ಗೊತ್ತಾಯಿತು. ಬೋರ್ಡ್‌ನ ಹೆಸರು ಎಎಸ್-2518-35, ಎಲ್ಲರೂ ಸುಮ್ನೆ ಮೈನಸ್ 35 ಅನ್ನುತ್ತಾರೆ. ಅದರ ಮೇಲೆ 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಮೂರು ಸೆಲ್ ಸೇರಿಸಿ ಮಾಡಿದ್ದು, ಬೋರ್ಡಿಗೇ ಸೋಲ್ಡರ್ ಮಾಡಿ ಕೂರಿಸಿದ್ದು. ಆ ಕಾಲದಲ್ಲಿ ಬ್ಯಾಟರಿ ಬೋರ್ಡ್ ಮೇಲೆ ಇಡುವುದು ಪಿನ್‌ಬಾಲ್ ಮಾಡುವವರಲ್ಲಿ ಹೆಚ್ಚಿನವರ ರೂಢಿ. ಅಂಗಡಿಯಲ್ಲೋ ಬಾರಿನಲ್ಲೋ ಐದಾರು ವರ್ಷ ದುಡಿದರೆ ಸಾಕು ಅಂತ ಮಾಡಿದ ಮೆಷಿನ್ ಅದು, ನಲವತ್ತು ವರ್ಷ ದಾಟಿ ಬಿಜೈಗೆ ಬಂದು ಕೂರುತ್ತದೆ ಅಂತ ಯಾರು ಅಂದುಕೊಂಡಿದ್ದರು ಹೇಳಿ.

ಬ್ಯಾಟರಿ ಒಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಬ್ಯಾಟರಿ ವರ್ಷಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದರೆ ಸೀಲ್ ಹತ್ತಿರ ಅದು ಜಿನುಗುತ್ತದೆ. ತಾಮ್ರದ ಗೆರೆಯನ್ನು ಹಿಡಿದುಕೊಂಡು ಹಸಿರು ಲೇಪದ ಅಡಿಯಲ್ಲೇ ಹರಿದು ಹೋಗುತ್ತದೆ, ಹಾಗಾಗಿ ಮೇಲಿಂದ ನೋಡುವವರಿಗೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಕರಾವಳಿಯ ಸೆಕೆ, ಉಪ್ಪುಗಾಳಿ, ಮಳೆಗಾಲದ ತೇವ ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಇಲ್ಲಿ ಬ್ಯಾಟರಿ ಪಕ್ಕದ ರಿಸೆಟ್ ಭಾಗದ, ಅಂದರೆ ಕರೆಂಟ್ ಬಂದಾಗ ಪ್ರೊಸೆಸರನ್ನು ಸರಿಯಾಗಿ ಶುರು ಮಾಡಿಸುವ ಭಾಗದ, ಟ್ರಾನ್ಸಿಸ್ಟರ್‌ಗಳ ಕಾಲಿಗೆ ಹಸಿರು ಕಿಲುಬು ಬೂಷ್ಟಿನ ಹಾಗೆ ಹಿಡಿದಿತ್ತು. ಚಿಮುಟದಲ್ಲಿ ಮುಟ್ಟಿದರೆ ಒಂದರ ಕಾಲೇ ಕಳಚಿ ಬಂತು. ಪಕ್ಕದ ಸಾಕೆಟ್‌ಗಳ ಒಳಗಿನ ಸ್ಪ್ರಿಂಗ್‌ಗಳು ಕಪ್ಪಾಗಿದ್ದವು.

ಈ ಬ್ಯಾಟರಿ ಇರುವುದು ಒಂದೇ ಒಂದು ಚಿಪ್‌ಗೋಸ್ಕರ. ಬೋರ್ಡ್‌ನಲ್ಲಿ ಯು8 ಅಂತ ಬರೆದಿರುವ 5101. ಇದು 22 ಕಾಲಿನ ಸಣ್ಣ ಸೀಮಾಸ್ ರ್ಯಾಮ್, ಅಂದರೆ ತೀರಾ ಕಡಿಮೆ ಕರೆಂಟ್ ತಿನ್ನುವ, ಆದರೆ ಅದು ನಿಂತರೆ ಎಲ್ಲ ಮರೆಯುವ ಮೆಮೊರಿ. 256 ಜಾಗ, ಒಂದೊಂದರಲ್ಲಿ 4 ಬಿಟ್, ಅಂದರೆ ಒಟ್ಟು 1024 ಬಿಟ್. ಅದರಲ್ಲಿ ಹೈ ಸ್ಕೋರ್, ಉಳಿದ ಕ್ರೆಡಿಟ್, ಎಷ್ಟು ಆಟ ಆಯಿತು ಎಂಬ ಲೆಕ್ಕ, ಎಷ್ಟು ಸ್ಕೋರ್ ಆದರೆ ಫ್ರೀ ಆಟ ಕೊಡಬೇಕು ಎಂಬ ಗಡಿ ಇರುತ್ತವೆ. ಉಳಿದ ಹೆಚ್ಚಿನ ಸೆಟ್ಟಿಂಗ್‌ಗಳಿಗೆ ಬೋರ್ಡ್ ಮೇಲೆ 32 ಸಣ್ಣ ಸ್ವಿಚ್‌ಗಳಿವೆ, ಅವಕ್ಕೆ ಬ್ಯಾಟರಿ ಬೇಡ. ಬ್ಯಾಟರಿ ಕಿತ್ತು ಬಿಸಾಡಿದರೂ ಆಟ ನಡೆಯುತ್ತದೆ. ಆದರೆ ಪ್ರತಿ ಸಲ ಸ್ವಿಚ್ ಹಾಕಿದಾಗ ಹೈ ಸ್ಕೋರ್ ಮತ್ತು ಕ್ರೆಡಿಟ್ ಜಾಗದಲ್ಲಿ ಎಂತೆಂತದೋ ಅಂಕಿ ಬರುತ್ತದೆ. ಯಜಮಾನರ ಮಗನಿಗೆ ಬೇಕಾಗಿದ್ದದ್ದೇ ಹೈ ಸ್ಕೋರ್. ಹಾಗಾಗಿ ಆ ದಾರಿ ಇಲ್ಲ.

ಮೊದಲು ಸ್ವಚ್ಛ ಮಾಡುವ ಕೆಲಸ. ಕ್ಷಾರವನ್ನು ಕೊಲ್ಲಲು ಹುಳಿ ಬೇಕು. ಪುನರ್ಪುಳಿ ಹಾಕಿದರೆ ಆಗುವುದಿಲ್ವಾ ಅಂತ ಯಜಮಾನರು ಕೇಳಿದರು, ತಮಾಷೆಗೆ ಅಲ್ಲ. ಹುಳಿ ಏನೋ ಹುಳಿಯೇ, ಆದರೆ ಅದರ ಬಣ್ಣ, ಅಂಟು ಎಲ್ಲ ಬೋರ್ಡ್ ಮೇಲೆ ಉಳಿಯುತ್ತದೆ. ಬಿಳಿ ವಿನೆಗರ್ ಸಾಕು. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು, ನೊರೆ ಬರುವುದು ನಿಲ್ಲಬೇಕು, ಆಮೇಲೆ ಚೆನ್ನಾಗಿ ನೀರಲ್ಲಿ ತೊಳೆಯಬೇಕು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುವುದೇ ಇಲ್ಲ, ಹೊಳೆಯುವ ತನಕ ಕೆರೆಯಬೇಕು. ರಿಸೆಟ್ ಭಾಗದ ಟ್ರಾನ್ಸಿಸ್ಟರ್, ಡಯೋಡ್, ರೆಸಿಸ್ಟರ್‌ಗಳನ್ನು ಒಟ್ಟಿಗೇ ಬದಲಾಯಿಸಿದೆವು. ಒಂದೊಂದೇ ಪರೀಕ್ಷೆ ಮಾಡುತ್ತಾ ಕೂರುವುದರಲ್ಲಿ ಅರ್ಥ ಇಲ್ಲ, ಚಿಲ್ಲರೆ ದುಡ್ಡಿನ ಸಾಮಾನು. ತಿಂದುಹೋದ ಗೆರೆಗಳಿಗೆ ತೆಳು ವಯರ್ ಎಳೆದೆವು. ನಾವು ಅಂದರೆ ನಾನು ಮತ್ತು ಟಿವಿ ರಿಪೇರಿಯಲ್ಲಿ ಕೈ ಪಳಗಿದ ಒಬ್ಬ ಗೆಳೆಯ.

ಈ ಬೋರ್ಡ್‌ನಲ್ಲಿ ನನಗೆ ಭಾರೀ ಇಷ್ಟವಾದದ್ದು ಅದರ ಒಂದು ಕೆಂಪು ಎಲ್‌ಇಡಿ. ಕರೆಂಟ್ ಕೊಟ್ಟಾಗ ಬೋರ್ಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಮೊದಲು ಎಲ್‌ಇಡಿ ಒಮ್ಮೆ ಚಿಮುಕ್ ಅನ್ನುತ್ತದೆ, ಆಮೇಲೆ ಏಳು ಸಲ ಮಿನುಗಬೇಕು. ಒಂದನೆಯದು ಪ್ರೋಗ್ರಾಂ ಇರುವ ರೋಮ್‌ಗಳು (ಓದಲು ಮಾತ್ರ ಬರುವ ಮೆಮೊರಿ) ಸರಿ ಅಂತ. ಎರಡನೆಯದು ಯು7ರ 6810 ರ್ಯಾಮ್. ಮೂರನೆಯದು ನಮ್ಮ 5101. ನಾಲ್ಕು ಮತ್ತು ಐದು ಎರಡು ಪಿಐಎ ಚಿಪ್‌ಗಳದ್ದು, ಪ್ರೊಸೆಸರ್ ಹೊರಗಿನ ಸಾಮಾನುಗಳ ಜೊತೆ ಮಾತಾಡುವುದು ಇವುಗಳ ಮೂಲಕ. ಆರನೆಯದು ಡಿಸ್‌ಪ್ಲೇಯ ಇಂಟರಪ್ಟ್, ಅಂದರೆ ಡಿಸ್‌ಪ್ಲೇ ಕೆಲಸಕ್ಕೆ ಪ್ರೊಸೆಸರನ್ನು ಆಗಾಗ ಕರೆಯುವ ಸಂಕೇತ. ಏಳನೆಯದು 43 ವೋಲ್ಟ್ ಲೈನ್‌ನಿಂದ ಬರುವ ಝೀರೋ ಕ್ರಾಸಿಂಗ್, ಅಂದರೆ ಕರೆಂಟಿನ ಅಲೆ ಸೊನ್ನೆಗೆ ಬಂದಾಗ ಸಿಗುವ ಸಂಕೇತ. ಮೇಜಿನ ಮೇಲೆ 5 ವೋಲ್ಟ್ ಮತ್ತು 12 ವೋಲ್ಟ್ ಮಾತ್ರ ಕೊಟ್ಟರೆ ಆರಕ್ಕೆ ನಿಲ್ಲುತ್ತದೆ, ಅದು ದೋಷ ಅಲ್ಲ. ಎಲ್ಲಿ ನಿಂತಿತೋ ಅದರ ಮುಂದಿನದ್ದು ಕೆಟ್ಟಿದೆ. ಮಾನಿಟರ್ ಬೇಡ, ಪುಸ್ತಕ ಬೇಡ, ಲೆಕ್ಕ ಮಾಡಲು ಬಂದರೆ ಸಾಕು.

ಬಂದಾಗ ಎಲ್‌ಇಡಿ ಸುಮ್ನೆ ಉರಿದುಕೊಂಡೇ ಇತ್ತು, ಅಂದರೆ ಪ್ರೊಸೆಸರ್ ಓಡುತ್ತಲೇ ಇಲ್ಲ. ರಿಸೆಟ್ ಭಾಗ ಸರಿಮಾಡಿದ ಮೇಲೆ ಚಿಮುಕ್, ಒಂದು, ಎರಡು, ಆಮೇಲೆ ನಿಂತಿತು. 5101 ಸತ್ತಿದೆ.

ಹಳೆ 5101 ಹುಡುಕಿ ತಂದು ಹೊಸ ಬ್ಯಾಟರಿ ಹಾಕಿದರೆ ಮತ್ತೆ ಹತ್ತು ವರ್ಷಕ್ಕೆ ಇದೇ ಕಥೆ. ಬ್ಯಾಟರಿಯನ್ನು ವಯರ್ ಕೊಟ್ಟು ಬೋರ್ಡ್‌ನಿಂದ ದೂರ, ಪೆಟ್ಟಿಗೆಯ ತಳದಲ್ಲಿ ಇಡಬಹುದು, ಸೋರಿದರೆ ಬೋರ್ಡ್ ಉಳಿಯುತ್ತದೆ. ಆದರೆ ಬೀಗ ಹಾಕಿದ ಮನೆಯಲ್ಲಿ ಬ್ಯಾಟರಿ ಬದಲಾಯಿಸುವವರು ಯಾರು? ಲೀಥಿಯಂ ನಾಣ್ಯ ಸೆಲ್ ಹಾಕುವವರಿದ್ದಾರೆ. ಅಲ್ಲಿ ಒಂದು ಅಪಾಯ ಉಂಟು: ಈ ಬೋರ್ಡ್ ನಿಕಲ್ ಕ್ಯಾಡ್ಮಿಯಂ ಅಂದುಕೊಂಡು ಬ್ಯಾಟರಿಗೆ ಚಾರ್ಜ್ ಕೊಡುತ್ತಲೇ ಇರುತ್ತದೆ, ಚಾರ್ಜ್ ಮಾಡಬಾರದ ಸೆಲ್‌ಗೆ ಅದು ಹೋಗದ ಹಾಗೆ ಡಯೋಡ್ ಹಾಕಲೇಬೇಕು. ಗೆಳೆಯನ ಸಲಹೆ ಸೂಪರ್ ಕೆಪಾಸಿಟರ್. ಕಾಗದದ ಮೇಲೆ ಲೆಕ್ಕ ಹಾಕಿದೆವು. 1 ಫ್ಯಾರಡ್, 4.4 ವೋಲ್ಟ್‌ನಿಂದ 5101 ನೆನಪು ಉಳಿಸಿಕೊಳ್ಳುವ 2 ವೋಲ್ಟ್‌ವರೆಗೆ ಇಳಿಯಬಹುದು, ಚಿಪ್ ಜಾಸ್ತಿ ಅಂದರೆ 10 ಮೈಕ್ರೋ ಆಂಪ್ ತಿನ್ನುತ್ತದೆ ಅಂತ ಇಟ್ಟುಕೊಂಡರೆ 2,40,000 ಸೆಕೆಂಡ್, ಅಂದರೆ ಎರಡೂಮುಕ್ಕಾಲು ದಿನ. ಒಳ್ಳೆ ಚಿಪ್ ಸಿಕ್ಕಿದರೆ ಕೆಲವು ವಾರ ಬರಬಹುದು, ಕೆಪಾಸಿಟರ್ ತಾನೇ ಸೋರಿಕೊಳ್ಳುವುದು ಬೇರೆ. ಜೂನ್‌ನಿಂದ ದಸರಾವರೆಗೆ ಖಂಡಿತ ಬರುವುದಿಲ್ಲ.

ಉಳಿದದ್ದು ಎಫ್‌ರ್ಯಾಮ್ ಎಂಬ ಬೇರೆ ಬಗೆಯ ಮೆಮೊರಿ. ಕರೆಂಟ್ ಇಲ್ಲದಿದ್ದರೂ ಬರೆದದ್ದು ಹಾಗೇ ಇರುತ್ತದೆ, ಓದುವುದು ಬರೆಯುವುದು ಎರಡೂ ಮಾಮೂಲಿ ರ್ಯಾಮ್‌ನ ವೇಗದಲ್ಲಿ. ನಾವು ತಗೊಂಡದ್ದು ಎಫ್‌ಎಂ16ಡಬ್ಲ್ಯು08. ಇದು 8 ಕಿಲೋಬೈಟ್, 2.7ರಿಂದ 5.5 ವೋಲ್ಟ್‌ವರೆಗೆ ಓಡುತ್ತದೆ, 10ರ ಘಾತ 14ರಷ್ಟು ಸಲ ಓದಿ ಬರೆಯಬಹುದು. ಓದುವುದೂ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಎಫ್‌ರ್ಯಾಮ್‌ನಲ್ಲಿ ಓದಿದರೆ ಅಳಿಯುತ್ತದೆ, ಚಿಪ್ ಕೂಡಲೇ ಮತ್ತೆ ಬರೆದುಕೊಳ್ಳುತ್ತದೆ. ಅರ್ಧ ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಓಡುವ ಈ ಬೋರ್ಡ್‌ನ 6800 ಪ್ರೊಸೆಸರ್ ಒಂದೇ ಜಾಗವನ್ನು ಬಿಡದೆ ಓದುತ್ತಾ ಕೂತರೂ ಅಷ್ಟು ಮುಗಿಯಲು ವರ್ಷಗಟ್ಟಲೆ ಬೇಕು. ಹುಡುಕುವವರಿಗೆ ಒಂದು ಮಾತು: ಇದನ್ನು ಮೊದಲು ಮಾಡುತ್ತಿದ್ದದ್ದು ರ್ಯಾಮ್‌ಟ್ರಾನ್, 2012ರಲ್ಲಿ ಅದು ಸೈಪ್ರೆಸ್ ಪಾಲಾಯಿತು, 2020ರಲ್ಲಿ ಸೈಪ್ರೆಸ್ ಇನ್ಫಿನಿಯನ್ ಪಾಲಾಯಿತು. ಮೂರೂ ಹೆಸರಲ್ಲಿ ಹುಡುಕಬೇಕು. ಎಲ್ಲಿಂದಲೋ ಕಿತ್ತು ಹೊಸ ಹೆಸರು ಅಚ್ಚು ಹಾಕಿದ ಚಿಪ್‌ಗಳೂ ಮಾರ್ಕೆಟ್‌ನಲ್ಲಿ ಓಡಾಡುತ್ತವೆ.

ಈಗ 28 ಕಾಲಿನ ಚಿಪ್ಪನ್ನು 22 ಕಾಲಿನ ಸಾಕೆಟ್‌ಗೆ ಕೂರಿಸಬೇಕು. ಯಾವ ಜಾಗ ಬೇಕು ಅಂತ ಹೇಳುವ ಎಂಟು ವಿಳಾಸದ ಗೆರೆ ನೇರ. ಉಳಿದ ಐದು ಗೆರೆ ಗ್ರೌಂಡ್‌ಗೆ. 5101ರಲ್ಲಿ ಡೇಟಾ ಒಳಗೆ ಹೋಗುವ ಕಾಲು ಬೇರೆ, ಹೊರಗೆ ಬರುವ ಕಾಲು ಬೇರೆ, ಈ ಬೋರ್ಡ್‌ನಲ್ಲಿ ಅವನ್ನು ಜೋಡಿ ಜೋಡಿ ಸೇರಿಸಿಯೇ ಬಿಟ್ಟಿದ್ದಾರೆ, ಹಾಗಾಗಿ ಎಫ್‌ರ್ಯಾಮ್‌ನ ನಾಲ್ಕು ಡೇಟಾ ಕಾಲು ಅಲ್ಲಿಗೆ ಸಾಕು. ಉಳಿದ ನಾಲ್ಕನ್ನು ನೇರ ಗ್ರೌಂಡ್‌ಗೆ ಕೊಡಬಾರದು. ಓದುವಾಗ ಚಿಪ್ ಆ ಕಾಲುಗಳನ್ನೂ ಎಳೆಯುತ್ತದೆ, ನೇರ ಕೊಟ್ಟರೆ ಶಾರ್ಟ್. ಒಂದೊಂದಕ್ಕೂ 10 ಕಿಲೋ ಓಮ್ ರೆಸಿಸ್ಟರ್. 18ನೇ ಕಾಲು, ಔಟ್‌ಪುಟ್ ನಿಲ್ಲಿಸುವುದು, ಎಫ್‌ರ್ಯಾಮ್‌ನ ಔಟ್‌ಪುಟ್ ಎನೇಬಲ್‌ಗೆ ನೇರ ಹೊಂದುತ್ತದೆ. 20ನೇ ಕಾಲು ಬರೆಯುವ ಸಂಕೇತ, ಅದೂ ನೇರ. ಇಲ್ಲಿಯವರೆಗೆ ಹೊಲಿಗೆ ಕೆಲಸ, ತಾಳ್ಮೆ ಇದ್ದವರು ಯಾರಾದರೂ ಮಾಡಬಹುದು.

ತಲೆ ಕೆಡುವುದು ಚಿಪ್ ಸೆಲೆಕ್ಟ್‌ನಲ್ಲಿ, ಅಂದರೆ ಈಗ ನಿನ್ನ ಸರದಿ ಅಂತ ಚಿಪ್ಪನ್ನು ಕರೆಯುವ ಕಾಲಿನಲ್ಲಿ. ಮುಂದೆ ಕೆಳಗೆ ಅಂದರೆ ಸೊನ್ನೆ ವೋಲ್ಟ್ ಹತ್ತಿರ, ಮೇಲೆ ಅಂದರೆ 5 ವೋಲ್ಟ್ ಹತ್ತಿರ.

ಮಾಮೂಲಿ ರ್ಯಾಮ್‌ಗೆ ಚಿಪ್ ಸೆಲೆಕ್ಟ್ ಕೆಳಗೇ ಇಟ್ಟುಕೊಂಡು ವಿಳಾಸ ಬದಲಾಯಿಸುತ್ತಾ ಹೋದರೂ ಅದು ಉತ್ತರ ಕೊಡುತ್ತಾ ಹೋಗುತ್ತದೆ. ಎಫ್‌ರ್ಯಾಮ್ ಹಾಗಲ್ಲ. ಚಿಪ್ ಸೆಲೆಕ್ಟ್ ಮೇಲಿಂದ ಕೆಳಗೆ ಬೀಳುವ ಕ್ಷಣದಲ್ಲಿ ವಿಳಾಸ ಹಿಡಿದುಕೊಳ್ಳುತ್ತದೆ, ಮತ್ತೆ ಮೇಲೆ ಹೋಗಿ ಕೆಳಗೆ ಬರುವ ತನಕ ಹೊಸ ವಿಳಾಸ ಅದಕ್ಕೆ ಕಾಣುವುದೇ ಇಲ್ಲ. 6800 ಸಾಧಾರಣವಾಗಿ ಒಂದು ಸಲ ಡೇಟಾ ಮುಟ್ಟಿದರೆ ಮುಂದಿನ ಸಲ ಪ್ರೋಗ್ರಾಂ ಇರುವ ರೋಮ್ ಕಡೆಗೆ ಹೋಗುತ್ತದೆ, ಆಗ ತೊಂದರೆ ಇಲ್ಲ. ಆದರೆ ಇಂಡೆಕ್ಸ್ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಎರಡು ಬೈಟ್‌ನ ಗೂಡು) ತುಂಬುವ ಆದೇಶ ಬಂದರೆ ಅಕ್ಕಪಕ್ಕದ ಎರಡು ಬೈಟ್‌ಗಳನ್ನು ಬೆನ್ನುಬೆನ್ನಿಗೆ ಓದುತ್ತದೆ. ನಡುವೆ ಚಿಪ್ ಸೆಲೆಕ್ಟ್ ಮೇಲೆ ಏಳದಿದ್ದರೆ ಎರಡನೆಯದರಲ್ಲೂ ಮೊದಲನೆಯದೇ ಸಿಗುತ್ತದೆ. ಬೋರ್ಡ್‌ನ ಡಿಕೋಡರ್ (ಯಾವ ಚಿಪ್ಪನ್ನು ಕರೆಯಬೇಕು ಅಂತ ವಿಳಾಸ ನೋಡಿ ಹೇಳುವ ಭಾಗ) ಇದನ್ನು ನೋಡಿಕೊಳ್ಳುತ್ತದೋ ಇಲ್ವೋ ಅಂತ ನಂಬಿಕೊಂಡು ಕೂರುವುದಕ್ಕಿಂತ ಪ್ರೊಸೆಸರ್‌ನ 37ನೇ ಕಾಲಿನಿಂದ ಫೇಸ್ 2 ಕ್ಲಾಕನ್ನೇ, ಅಂದರೆ ಪ್ರೊಸೆಸರ್ ಹೆಜ್ಜೆ ಹಾಕುವ ತಾಳದ ಸಂಕೇತವನ್ನೇ, ಒಂದು ವಯರ್‌ನಲ್ಲಿ ತಂದುಬಿಟ್ಟೆವು. ಕ್ಲಾಕ್ ಮೇಲಿದ್ದಾಗ ಮಾತ್ರ ಎಫ್‌ರ್ಯಾಮ್‌ಗೆ ಕರೆ. ಪ್ರತಿ ಸೈಕಲ್‌ಗೂ ಏಳಲೇಬೇಕು, ಬೀಳಲೇಬೇಕು. ಅರ್ಧ ಸೈಕಲ್ ಅಂದರೆ ಸುಮಾರು 1 ಮೈಕ್ರೋ ಸೆಕೆಂಡ್, ಈ ಚಿಪ್‌ಗೆ ಬೇಕಾದದ್ದು 70 ನ್ಯಾನೋ ಸೆಕೆಂಡ್. ಸಮಯಕ್ಕೆ ಬರ ಇಲ್ಲ.

ಇದಕ್ಕಿಂತ ದೊಡ್ಡದು ಕರೆಂಟ್ ಹೋಗುವ ಗಳಿಗೆ. 5 ವೋಲ್ಟ್ ಇಳಿಯುತ್ತಾ ಬಂದಾಗ ಪ್ರೊಸೆಸರ್‌ಗೆ ತಲೆ ತಿರುಗುತ್ತದೆ, ಎಲ್ಲಿ ಏನು ಬರೆಯುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. 5101ಕ್ಕೆ ಎರಡು ಚಿಪ್ ಸೆಲೆಕ್ಟ್ ಉಂಟು: 19ನೇ ಕಾಲು ಕೆಳಗಿದ್ದರೆ ಮತ್ತು 17ನೇ ಕಾಲು ಮೇಲಿದ್ದರೆ ಮಾತ್ರ ಅದು ಬಾಗಿಲು ತೆಗೆಯುತ್ತದೆ. 17ನೆಯದು ಇರುವುದೇ ಕರೆಂಟ್ ಹೋಗುವಾಗ ಚಿಪ್ಪನ್ನು ಮಲಗಿಸಲು. ಎಫ್‌ರ್ಯಾಮ್‌ಗೆ ಇಂಥ ಎರಡನೇ ಬಾಗಿಲಿಲ್ಲ. ಒಂದೇ ಚಿಪ್ ಸೆಲೆಕ್ಟ್. ಅದನ್ನು ಕರೆಂಟ್ ಏರುವಾಗ ಇಳಿಯುವಾಗ ಮೇಲೆ ಹಿಡಿದಿಡುವುದು ಬೋರ್ಡ್ ಮಾಡುವವರ ಜವಾಬ್ದಾರಿ. ಬ್ಯಾಟರಿ ಬೇಡ ಅಂದವರೆಲ್ಲ ನೆನಪು ಹೇಗೆ ಉಳಿಯುತ್ತದೆ ಅಂತ ಕೇಳುತ್ತಾರೆ. ಉಳಿಸುವುದು ಚಿಪ್‌ನ ಕೆಲಸ, ಅದು ಮಾಡುತ್ತದೆ. ನಮ್ಮ ಕೆಲಸ ಬೇಡದ ಹೊತ್ತಿನಲ್ಲಿ ಬರೆಯಲು ಬಿಡದಿರುವುದು. ಗುಡುಗು ಬಂದರೆ ಸಾಕು ನಾಲ್ಕು ಸಲ ಹೋಗಿ ಬರುವ ಕರೆಂಟ್ ಇರುವ ಊರಲ್ಲಿ ಇದು ಸಣ್ಣ ವಿಷಯ ಅಲ್ಲ.

ಅದಕ್ಕೆ ಹಾಕಿದ್ದು ಎಂಸಿ34064, ಮೂರು ಕಾಲಿನ ಕಾವಲು ಚಿಪ್. ಕರೆಂಟ್ 4.6 ವೋಲ್ಟ್ ಆಸುಪಾಸಿಗೆ ಇಳಿದರೆ ತನ್ನ ಔಟ್‌ಪುಟ್ ಕೆಳಗೆ ಎಳೆಯುತ್ತದೆ. ಈಗ ನಾಲ್ಕು ಷರತ್ತು ಆಯಿತು: 19 ಕೆಳಗೆ, 17 ಮೇಲೆ, ಕ್ಲಾಕ್ ಮೇಲೆ, ಕಾವಲು ಚಿಪ್‌ನ ಒಪ್ಪಿಗೆ. 74ಎಚ್‌ಸಿ20 ಅಂತ ಒಂದು ಚಿಪ್ ಉಂಟು, ಅದರೊಳಗೆ ನಾಲ್ಕು ಇನ್‌ಪುಟ್‌ನ ಎರಡು ನ್ಯಾಂಡ್ ಗೇಟ್, ಎಲ್ಲ ಇನ್‌ಪುಟ್ ಮೇಲಿದ್ದರೆ ಮಾತ್ರ ಔಟ್‌ಪುಟ್ ಕೆಳಗೆ ಬರುವಂಥವು. ಒಂದರ ಇನ್‌ಪುಟ್‌ಗಳನ್ನೆಲ್ಲ ಕಟ್ಟಿ 19ನೇ ಕಾಲನ್ನು ತಿರುಗಿಸಲು, ಇನ್ನೊಂದು ನಾಲ್ಕನ್ನೂ ಸೇರಿಸಲು. ಒಂದು ಗೇಟೂ ಉಳಿಯುವುದಿಲ್ಲ, ಒಂದು ಇನ್‌ಪುಟ್ ಕೂಡ ಖಾಲಿ ಇಲ್ಲ. ಇಂಥದ್ದು ಸಿಕ್ಕಿದಾಗ ಆಗುವ ಖುಷಿ ಸೋಲ್ಡರ್ ಹಿಡಿಯುವವರಿಗೆ ಗೊತ್ತು.

ಇನ್ನೊಂದು ಗುಂಡಿ ಇತ್ತು, ಗೆಳೆಯ ಮೊದಲೇ ಕಂಡ. ಬ್ಯಾಟರಿ ಇರುವ ಸರ್ಕಿಟ್‌ನಲ್ಲಿ ರ್ಯಾಮ್‌ಗೆ 5 ವೋಲ್ಟ್ ಒಂದು ಡಯೋಡ್ ದಾಟಿ ಬರುತ್ತದೆ, ಇಲ್ಲದಿದ್ದರೆ ಮೆಷಿನ್ ಆಫ್ ಆದಾಗ ಬ್ಯಾಟರಿ ಇಡೀ ಬೋರ್ಡಿಗೆ ಕರೆಂಟ್ ಹಂಚಲು ಹೊರಡುತ್ತದೆ. ಡಯೋಡ್ ತನ್ನ ಪಾಲು 0.6 ವೋಲ್ಟ್ ಇಟ್ಟುಕೊಳ್ಳುತ್ತದೆ. ಹಾಗಾಗಿ ಸಾಕೆಟ್‌ನ 22ನೇ ಕಾಲಿನಲ್ಲಿ ಸಿಗುವುದು 4.4 ವೋಲ್ಟ್ ಅಷ್ಟೇ. ಕಾವಲು ಚಿಪ್ಪನ್ನು ಅಲ್ಲಿಗೆ ಕೊಟ್ಟರೆ ಅದು ಯಾವತ್ತೂ ಕರೆಂಟ್ ಹೋಗಿದೆ ಅಂದುಕೊಂಡು ಬಾಗಿಲು ಮುಚ್ಚಿಯೇ ಇಡುತ್ತದೆ, ಎಲ್‌ಇಡಿ ಎರಡಕ್ಕೇ ನಿಲ್ಲುತ್ತದೆ, ನಾವು ಎಫ್‌ರ್ಯಾಮ್ ನಕಲಿ ಅಂತ ಬೈಯುತ್ತಾ ಕೂರುತ್ತೇವೆ. ಹೇಗೂ ಕ್ಲಾಕ್‌ಗೆ ಒಂದು ವಯರ್ ಎಳೆಯುತ್ತಿದ್ದೆವು. ಪಕ್ಕದಲ್ಲೇ ಇನ್ನೊಂದು ಎಳೆದು ಪ್ರೊಸೆಸರ್‌ನ 8ನೇ ಕಾಲಿನಿಂದ ಪೂರ್ತಿ 5 ವೋಲ್ಟ್ ತಂದೆವು. 22ನೇ ಕಾಲು ಖಾಲಿ ಬಿಟ್ಟೆವು. ಬ್ಯಾಟರಿ ದಾರಿಯ ಜೊತೆ ಇನ್ನು ಸಂಬಂಧವೇ ಇಲ್ಲ.

ಯು8ರ ಹಳೆ ಸಾಕೆಟ್ ತೆಗೆದು ಹೊಸದು ಹಾಕಬೇಕಿತ್ತು. 22 ಕಾಲಿನದು, 0.4 ಇಂಚು ಅಗಲದ್ದು. ಹಂಪನಕಟ್ಟೆ ಸುತ್ತಮುತ್ತ ಕೇಳಿದರೆ ಅಂಗಡಿಯವರು 24ರದ್ದು ಕೊಡಲಾ ಅಂದರು. ಉದ್ದದ ಪಿನ್ ಪಟ್ಟಿಯನ್ನು 11, 11 ಕತ್ತರಿಸಿ ಎರಡು ಸಾಲು ಸೋಲ್ಡರ್ ಮಾಡಿದರೆ ಸಾಕೆಟ್ ತಯಾರು. ಎಫ್‌ರ್ಯಾಮ್, ಗೇಟ್ ಚಿಪ್, ಕಾವಲು ಚಿಪ್, 0.1 ಮೈಕ್ರೋ ಫ್ಯಾರಡ್‌ನ ಕೆಪಾಸಿಟರ್‌ಗಳು ಎಲ್ಲ ಒಂದು ತೂತಿನ ಬೋರ್ಡ್ ಮೇಲೆ ಕೂತವು. ಪಿನ್‌ಗಳು ಸ್ವಲ್ಪ ಉದ್ದ ಇರಬೇಕು, ಇಲ್ಲದಿದ್ದರೆ ಪಕ್ಕದ ಚಿಪ್‌ಗೆ ತಾಗುತ್ತದೆ.

ಕರೆಂಟ್ ಕೊಟ್ಟೆವು. ಚಿಮುಕ್, ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮೇಜಿನ ಮೇಲೆ ಇಷ್ಟೇ ಬರಬೇಕು.

ಇಲ್ಲಿಗೆ ಮುಗಿಸಿ ಕೊಟ್ಟುಬಿಡಬಹುದಿತ್ತು. ಆದರೆ ಕಾವಲು ಚಿಪ್ ನಿಜವಾಗಿ ಏನಾದರೂ ಮಾಡುತ್ತಿದೆಯಾ ಅಂತ ನೋಡಬೇಕಿತ್ತು. ಒಂದು ರಿಲೇ ಕಟ್ಟಿ ಬೋರ್ಡ್‌ನ ಕರೆಂಟ್ ರಾತ್ರಿ ಪೂರ್ತಿ ಹೋಗಿ ಬರುವ ಹಾಗೆ ಇಟ್ಟೆವು. ಮೊದಲು ಕಾವಲು ಚಿಪ್‌ನ ಕಾಲು ಎತ್ತಿಟ್ಟು, ಆಮೇಲೆ ಹಾಕಿ. ಎರಡೂ ಸಲ ಎಫ್‌ರ್ಯಾಮ್ ಕಿತ್ತು ಆರ್ಡುಯಿನೋ ಮೆಗಾ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್‌ಗೆ ಹಾಕಿ ಒಳಗಿದ್ದದ್ದನ್ನು ಓದಿ, ಮೊದಲಿನದಕ್ಕೆ ಹೋಲಿಸಿದೆವು. ಕಾವಲು ಇಲ್ಲದಾಗ ಅಲ್ಲಲ್ಲಿ ಅಂಕಿಗಳು ಹಾಳಾಗಿದ್ದವು. ಹೈ ಸ್ಕೋರ್‌ನ ಒಂದು ಅಂಕಿ 9ಕ್ಕಿಂತ ದೊಡ್ಡದಾಗಿತ್ತು, 4 ಬಿಟ್‌ನಲ್ಲಿ 15ರವರೆಗೆ ಹಿಡಿಸುತ್ತದಲ್ಲ. ಈ ಮೆಷಿನ್‌ನ ಡಿಸ್‌ಪ್ಲೇ ಅಂಥ ಅಂಕಿ ಬಂದರೆ ಆ ಜಾಗವನ್ನು ಖಾಲಿ ತೋರಿಸುತ್ತದೆ, ನೋಡಿದವರು ಡಿಸ್‌ಪ್ಲೇ ಕೆಟ್ಟಿದೆ ಅನ್ನುತ್ತಾರೆ.

ಕಾವಲು ಇದ್ದಾಗ ಒಂದೇ ಒಂದು ಜಾಗ ಬದಲಾಗಿತ್ತು. ಒಂದೇ ಆದರೂ ಬದಲಾಗಬಾರದಲ್ವಾ? ಯೋಚಿಸಿದರೆ ಕಾರಣ ಎಲ್‌ಇಡಿಯ ಮೂರನೇ ಮಿನುಗಿನಲ್ಲೇ ಇತ್ತು. 5101 ಸರಿ ಉಂಟೋ ಅಂತ ಬೋರ್ಡ್ ಪರೀಕ್ಷೆ ಮಾಡುವುದು ಹೇಗೆ? ಒಂದೊಂದು ಜಾಗಕ್ಕೂ ಏನಾದರೂ ಬರೆದು, ಓದಿ ನೋಡಬೇಕು. ಆದರೆ ಪರೀಕ್ಷೆ ಆದ ಮೇಲೂ ಹೈ ಸ್ಕೋರ್ ಉಳಿಯುತ್ತದೆ, ಅಂದರೆ ಮೊದಲಿದ್ದದ್ದನ್ನು ಎತ್ತಿಟ್ಟುಕೊಂಡು ಕೊನೆಗೆ ವಾಪಸ್ ಬರೆಯುತ್ತಿದೆ. ಎತ್ತಿಟ್ಟ ಆ ಸಣ್ಣ ಹೊತ್ತಿನಲ್ಲಿ ಕರೆಂಟ್ ಹೋದರೆ ವಾಪಸ್ ಇಡುವವರು ಯಾರೂ ಇಲ್ಲ. ಅದು ತಪ್ಪು ಬರಹ ಅಲ್ಲ, ಪ್ರೋಗ್ರಾಂ ಬೇಕಂತಲೇ ಬರೆದದ್ದು, ಹಾಗಾಗಿ ಕಾವಲು ಚಿಪ್ ತಡೆಯುವಂತಿಲ್ಲ. ಹಳೆ ಬ್ಯಾಟರಿ ಇದ್ದ ಕಾಲದಲ್ಲೂ ಹೀಗೇ ಆಗುತ್ತಿತ್ತು. ನಮ್ಮ ರಿಲೇ ಕರೆಂಟ್ ಕೊಟ್ಟು ಪರೀಕ್ಷೆ ಮುಗಿಯುವ ಮೊದಲೇ ಕಿತ್ತುಕೊಳ್ಳುತ್ತಿತ್ತು. ಮಿನುಗುಗಳು ಮುಗಿದ ಮೇಲೆ ಕಡಿಯುವ ಹಾಗೆ ಸಮಯ ಬದಲಾಯಿಸಿ ಮತ್ತೊಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಓದಿದರೆ ಎಲ್ಲ ಮೊದಲಿನ ಹಾಗೇ.

ಮೆಷಿನ್‌ಗೆ ಹಾಕಿದ ಮೇಲೆ ಏಳನೇ ಮಿನುಗೂ ಬಂತು, ಆಟ ಶುರುವಾಯಿತು. ಗ್ರೌಂಡ್‌ಗೆ ಕೊಟ್ಟಿದ್ದ ಐದು ವಿಳಾಸದ ಗೆರೆಗಳಲ್ಲಿ ಎರಡಕ್ಕೆ ಸಣ್ಣ ಜಂಪರ್ ಇಟ್ಟಿದ್ದೇವೆ. 8 ಕಿಲೋಬೈಟ್‌ನಲ್ಲಿ ನಾವು ಬಳಸುತ್ತಿರುವುದು 32ನೇ ಒಂದು ಭಾಗ, ಉಳಿದದ್ದು ಸುಮ್ನೆ ಬಿದ್ದಿದೆ. ಎರಡು ಜಂಪರ್‌ಗೆ ನಾಲ್ಕು ಪುಟ. ಮೆಷಿನ್ ಆಫ್ ಮಾಡಿ ಜಂಪರ್ ಬದಲಾಯಿಸಿದರೆ ಬೇರೆಯೇ ಹೈ ಸ್ಕೋರ್. ದಸರಾಕ್ಕೆ ಬರುವ ಅಣ್ಣತಮ್ಮಂದಿರ ಮಕ್ಕಳಿಗೆ ಒಂದೊಂದು ಪುಟ ಅಂತ ಯಜಮಾನರ ಮಗ ಆಗಲೇ ಹಂಚಿಬಿಟ್ಟಿದ್ದಾನೆ, ತನಗೆ ಎರಡು.

ಹೊಸ ಸಣ್ಣ ಬೋರ್ಡಿಗೆ ತೇವ ತಾಗದ ಹಾಗೆ ಲೇಪ ಕೊಟ್ಟಿದ್ದೇವೆ, ಸಾಕೆಟ್ ಪಿನ್‌ಗಳನ್ನು ಬಿಟ್ಟು. ಎರಡು ವಯರ್ ಎಲ್ಲಿಂದ ಎಲ್ಲಿಗೆ ಅಂತ ಚಿತ್ರ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದೇವೆ, ಮುಂದೆ ರಿಪೇರಿಗೆ ಕೂರುವವರು ನಮ್ಮನ್ನು ಬೈಯಬಾರದು ಅಂತ. ಯಜಮಾನರಿಗೆ ಹೇಳಿದ್ದು ಎರಡೇ: ಸ್ವಿಚ್ ಹಾಕಿದ ಕೂಡಲೇ ಆರಿಸಬೇಡಿ, ಏಳು ಮಿನುಗು ಮುಗಿಯಲಿ. ಗುಡುಗು ಇದ್ದರೆ ಆಟ ಬೇಡ, ಪ್ಲಗ್ ತೆಗೆದಿಡಿ. ಸೌಂಡ್ ಬೋರ್ಡ್ ಮಾತ್ರ ಇನ್ನೂ ಗೊರಗೊರ ಅನ್ನುತ್ತಿದೆ. ಅದರ ಕೆಪಾಸಿಟರ್‌ಗಳಿಗೆ ಆರ್ಡರ್ ಹಾಕಿಯಾಗಿದೆ, ಬಂದ ಮೇಲೆ ಆ ಕೆಲಸ.